ಮೂವತ್ತೊಂದು ದಿನವೂ ಒಂದೇ ಅಳತೆ

ಜೂನ್ 11, ಮಂಗಳವಾರ, ಬೆಳಿಗ್ಗೆ 10 ಗಂಟೆ 40 ನಿಮಿಷ. ನೀರು ಸರಬರಾಜು ಕಚೇರಿಯ ಉದ್ದನೆಯ ಬೆಂಚಿನ ಮೇಲೆ ಹೊಲಿಗೆಯವಳು ಒಬ್ಬಳೇ ಕೂತಿದ್ದಳು. ಜೊತೆಗೆ ಬರುತ್ತೇವೆಂದಿದ್ದ ಬೀದಿಯವರು ಐದು ಮಂದಿ. ಒಬ್ಬರೂ ಬಂದಿರಲಿಲ್ಲ.

ಅವಳ ಅಕ್ಕ ಟೈಫಾಯಿಡ್ ಆಗಿ ಆಸ್ಪತ್ರೆ ಸೇರಿ ಹನ್ನೆರಡು ದಿನವಾಗಿತ್ತು. ಮನೆಯಲ್ಲಿದ್ದವರು ಅವರಿಬ್ಬರೇ, ಹೊಲಿಗೆ ಯಂತ್ರಗಳೂ ಎರಡು. ಅಕ್ಕನ ಯಂತ್ರಕ್ಕೆ ಬಟ್ಟೆ ಹೊದಿಸಿದ ಮೇಲೆ, ಒಂದೇ ಯಂತ್ರದ ಸದ್ದಿಗೆ ಮನೆ ತುಂಬುತ್ತಿರಲಿಲ್ಲ.

ವಾರದ ಹಿಂದೆ ಪಕ್ಕದ ಮನೆಯ ನಿವೃತ್ತ ನರ್ಸಮ್ಮ ಈ ಅಕ್ಕತಂಗಿಯರ ನಲ್ಲಿಯ ನೀರನ್ನು ಗಾಜಿನ ಕೊಳವೆಗೆ ತುಂಬಿ ಔಷಧಿಯ ಹನಿ ಹಾಕಿದ್ದರು.

"ಕ್ಲೋರಿನ್ ಇದ್ರೆ ಹಳದಿ ಆಗ್ಬೇಕು ಕಣೇ. ನೋಡು, ಬಣ್ಣವೇ ಇಲ್ಲ. ಲೀಟರಿಗೆ 0.2 ಮಿಲಿಗ್ರಾಂ ಆದ್ರೂ ಇರ್ಬೇಕು. ನೀರಿನ ಆಫೀಸಿನವ್ರು ದಿನಾ ಅಳೆದು ಬರೀತಾರಲ್ಲ, ಆ ಪುಸ್ತಕ ತೋರ್ಸಿ ಅಂತ ಅರ್ಜಿ ಕೊಡು."

"ಬಟ್ಟೆ ಹೊಲಿಯೋಳಿಗೆ ಅದೇನು ತಿಳಿಯುತ್ತೆ ನರ್ಸಮ್ಮ? ಅವರನ್ನ ಎದುರು ಹಾಕ್ಕೊಂಡ್ರೆ ನಲ್ಲೀನೇ ಬಂದ್ ಮಾಡ್ತಾರೆ."

"ಅಳತೆ ನೋಡೋಕೆ ನಿನಗಿಂತ ಇನ್ಯಾರು ಬೇಕು ಕಣೇ?"

ಈಗ ಕಚೇರಿಯ ಗುಮಾಸ್ತ ಆ ಪುಸ್ತಕ ತಂದಿಟ್ಟ. "ನೋಡ್ಕೊಳಿ. ಒಂದು ಅಂಕಿ ಆಚೀಚೆ ಇಲ್ಲ."

ನಿಜ. ಮೇ ತಿಂಗಳಿಗೆ ಮೂವತ್ತೊಂದು ಸಾಲು, ಪ್ರತಿ ಸಾಲಿನಲ್ಲೂ 0.5.

"ಅಣ್ಣ, ಇಪ್ಪತ್ತು ವರ್ಷದಿಂದ ಅಳತೆ ತಗೋತಿದೀನಿ. ಊಟಕ್ಕೆ ಮುಂಚೆ ಒಂದು ಸೊಂಟ, ಊಟ ಆದ್ಮೇಲೆ ಒಂದು ಸೊಂಟ. ಮೂವತ್ತೊಂದು ದಿನ ಒಂದೇ ಅಳತೆ ಇರೋದು ಬಟ್ಟೆ ಅಂಗಡಿ ಗೊಂಬೆಗೆ ಮಾತ್ರ."

ಗುಮಾಸ್ತ ನಕ್ಕ. ಅವಳು ನಗಲಿಲ್ಲ.

"ಹತ್ತೊಂಬತ್ತನೇ ತಾರೀಕು ಮೋಟಾರ್ ಸುಟ್ಟು ಎರಡು ದಿನ ನೀರೇ ಬಿಟ್ಟಿರ್ಲಿಲ್ಲ. ಬಾರದ ನೀರನ್ನ ಹೇಗೆ ಅಳೆದ್ರಿ?"

ಅವಳು ಆ ಪುಟದ ನಕಲು ಪಡೆದಳು, ದೂರು ಬರೆದುಕೊಟ್ಟಳು, ಸೀಲು ಹಾಕಿದ ರಸೀದಿ ಕೇಳಿ ತೆಗೆದುಕೊಂಡಳು.

ನಲ್ಲಿ ಬಂದ್ ಆದೀತೆಂದು ಬೀದಿಯವರು ಹೆದರಿದ್ದರು; ಮುಂದಿನ ಎರಡು ವಾರ ಬೀದಿಯಲ್ಲಿ ಅವಳನ್ನು ಮಾತನಾಡಿಸಿದವರು ನರ್ಸಮ್ಮ ಒಬ್ಬರೇ. ಆಮೇಲೆ ತನಿಖೆಯಾಯಿತು. ಟ್ಯಾಂಕಿಗೆ ಹಾಕಬೇಕಿದ್ದ ಕ್ಲೋರಿನ್ ಪುಡಿಯನ್ನು ಗುತ್ತಿಗೆದಾರ ಹೊರಗೆ ಮಾರುತ್ತಿದ್ದ. ದಿನವೂ ನೀರು ಅಳೆಯಬೇಕಾದ ನೌಕರ ಅವನಿಂದ ಲಂಚ ತಿಂದು, ಒಂದನೇ ತಾರೀಕಿಗೇ ಇಡೀ ತಿಂಗಳ ಅಂಕಿ ಬರೆದಿಡುತ್ತಿದ್ದ. ಇಬ್ಬರ ಕೆಲಸವೂ ಹೋಯಿತು. ನಲ್ಲಿಯನ್ನು ಯಾರೂ ಬಂದ್ ಮಾಡಲಿಲ್ಲ. ಬೀದಿಯ ತುದಿಯಲ್ಲಿ, ದಿನದ ಅಳತೆ ಬರೆಯಲು ಒಂದು ಹಲಗೆ ಬಂತು.

ಅಕ್ಕ ಸೊರಗಿ ಮನೆಗೆ ಬಂದಳು. "ಕಚೇರಿಗೆ ಒಬ್ಳೇ ಹೋಗಿದ್ಯಂತೆ?"

"ಇನ್ಯಾರಿದ್ರು? ನೀನು ಮಲಗಿದ್ದೆ."

ಅಕ್ಕ ತನ್ನ ಯಂತ್ರದ ಮೇಲಿನ ಬಟ್ಟೆ ತೆಗೆದಳು. "ಇನ್ನೊಂದ್ಸಲ ಹೋಗೋದಾದ್ರೆ ನನ್ನನ್ನೂ ಕರಿ."

ಓದುತ್ತಿರುವವರೇ, ನಿಮ್ಮ ನೀರಿನ ಪುಸ್ತಕ, ಪಡಿತರದ ಪುಸ್ತಕ, ರಸ್ತೆ ಕಾಮಗಾರಿಯ ಕಡತ ನಿಮ್ಮವೇ. ಕೇಳಿ, ನೋಡಿ, ರಸೀದಿ ಇಟ್ಟುಕೊಳ್ಳಿ. ನಿಮ್ಮ ಬೀದಿಯಿಂದ ಯಾರಾದರೂ ಕೇಳಲು ಹೊರಟರೆ ಜೊತೆಗೆ ಹೋಗಿ. ಆ ಬೆಂಚಿನಲ್ಲಿ ಆರು ಜನಕ್ಕೆ ಜಾಗವಿತ್ತು.

ಇಂದು ಬೆಳಿಗ್ಗೆ ಏಳಕ್ಕೆ ಹಲಗೆಯ ಮೇಲೆ ಬರೆದಿದ್ದ ಕ್ಲೋರಿನ್ ಅಳತೆ: ಲೀಟರಿಗೆ 0.3 ಮಿಲಿಗ್ರಾಂ.