ಹತ್ತು ಸೊನ್ನೆ

ಚೌಕಟ್ಟಿನಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಕಚೇರಿಯವರೆಲ್ಲ ಆಡಿಕೊಳ್ಳುತ್ತಿದ್ದರು. ಆ ಬೆಳಿಗ್ಗೆ ಅದು ಮೂಗಿನಿಂದ ಇಳಿದು ಕೈಗೆ ಬಂದಿತ್ತು. ವರದಿಯ ಹಾಳೆಗಳನ್ನು ಸುರುಳಿ ಸುತ್ತಿ ಹಿಡಿದು ಕಂಪ್ಯೂಟರ್ ಕೋಣೆಗೆ ನುಗ್ಗಿದವಳೇ ತಮ್ಮನ ಮೇಜಿನ ಮೇಲೆ ಬಡಿದಳು.

"ನನ್ನ ಸೊನ್ನೆಗಳೆಲ್ಲ ಎಲ್ಲೋದ್ವೋ?"

ತಮ್ಮ ಟೀ ಲೋಟವನ್ನು ಪಕ್ಕಕ್ಕೆ ಸರಿಸಿದ. "ಯಾವ ಸೊನ್ನೆ?"

ಊರಾಚೆಯ ಹುಲ್ಲುಗಾವಲಿನಲ್ಲಿ ಹನ್ನೆರಡು ಚೌಕ ಗುರುತಿಸಿ, ಮೂಲೆ ಮೂಲೆಗೆ ಕಬ್ಬಿಣದ ಗೂಟ ಬಡಿದು ಹದಿನೆಂಟು ವರ್ಷವಾಗಿತ್ತು. ಪ್ರತಿ ವರ್ಷ ಹೂ ಬಿಡುವ ತಿಂಗಳಲ್ಲಿ ಅವಳು ಅಲ್ಲಿ ಒಂದು ಮೀಟರಿನ ಮರದ ಚೌಕಟ್ಟು ಇಡುತ್ತಿದ್ದಳು. ಅಡ್ಡಕ್ಕೂ ಉದ್ದಕ್ಕೂ ದಾರ ಕಟ್ಟಿ ಅದರಲ್ಲಿ ನೂರು ಮನೆ ಮಾಡಿತ್ತು. ಮೊಣಕಾಲೂರಿ, ಯಾವ ಗಿಡ ಎಷ್ಟು ಮನೆಯಲ್ಲಿದೆ ಎಂದು ಎಣಿಸಿ ಬರೆಯುವುದು ಅವಳ ಕೆಲಸ. ಹುಲ್ಲುಗಾವಲಿಗೆ ಅಂಟಿಕೊಂಡೇ ಒಂದು ಕೋಳಿ ಫಾರಂ. ಹಿಕ್ಕೆಯಿಂದ ಏಳುವ ಅಮೋನಿಯ ಗಾಳಿಯಲ್ಲಿ ತೇಲಿ ಬಂದು ನೆಲಕ್ಕಿಳಿಯುತ್ತಿತ್ತು. ಯಾರೂ ಹಾಕದ ಗೊಬ್ಬರ ಅದು. ಅದನ್ನು ತಿಂದು ಒರಟು ಹುಲ್ಲು ಸೊಂಟದೆತ್ತರ ಕೊಬ್ಬಿತ್ತು. ಅದರ ನೆರಳಿಗೆ ಸಿಕ್ಕ ಸಣ್ಣಪುಟ್ಟ ಗಿಡಗಳು ಒಂದೊಂದಾಗಿ ಸಾಯುತ್ತಿದ್ದವು. ರಸ್ತೆಯಲ್ಲಿ ನಿಂತು ನೋಡುವವರಿಗೆ ಮಾತ್ರ ಎಲ್ಲೆಲ್ಲೂ ಹಚ್ಚ ಹಸಿರು.

ಅಂಗಿ ಗುಂಡಿಯಷ್ಟು ಅಗಲದ ಹಳದಿ ಹೂ ಬಿಡುವ ಗಿಡವೊಂದಿತ್ತು. ಮೊದಲ ವರ್ಷ ಹನ್ನೆರಡು ಚೌಕದಲ್ಲೂ ಇತ್ತು, ಸರಾಸರಿ ನಲವತ್ತು ಮನೆ. ಈ ವರ್ಷ ಸಿಕ್ಕಿದ್ದು ಎರಡೇ ಚೌಕದಲ್ಲಿ: ಒಂದರಲ್ಲಿ ಮೂವತ್ತೆಂಟು ಮನೆ, ಇನ್ನೊಂದರಲ್ಲಿ ನಲವತ್ತೆರಡು. ಉಳಿದ ಹತ್ತಕ್ಕೆ ಸೊನ್ನೆ. ಒಂದೊಂದು ಸೊನ್ನೆಗೂ ಅರ್ಧ ಗಂಟೆ ಹುಲ್ಲು ಬಿಡಿಸಿ ಹುಡುಕಿದ್ದಳು. ವರದಿಯಲ್ಲಿ ಅಚ್ಚಾಗಿದ್ದದ್ದು ಬೇರೆ: ಸರಾಸರಿ ನಲವತ್ತು, ಬದಲಾವಣೆ ಇಲ್ಲ. ಆದ್ದರಿಂದ ಫಾರಂನವರು ಇನ್ನೂ ನಾಲ್ಕು ಶೆಡ್ ಕಟ್ಟಲು ಅಡ್ಡಿಯಿಲ್ಲ. ಆ ಶೆಡ್‌ಗಳು ಏಳುವುದು ಹೂ ಉಳಿದಿದ್ದ ಎರಡು ಚೌಕಗಳ ಬೆನ್ನಿಗೇ.

"ಓ, ಅದಾ," ಎಂದ ತಮ್ಮ. "ಖಾಲಿ ಇರೋದನ್ನೆಲ್ಲ ತೆಗೆದು ನೀಟಾಗಿ ಮಾಡು ಅಂದ್ರು ಸಾಹೇಬ್ರು. ತೆಗೆದೆ."

"ಸೊನ್ನೆ ಖಾಲಿ ಏನೋ? ಖಾಲಿ ಅಂದ್ರೆ ನಾನು ನೋಡೇ ಇಲ್ಲ ಅಂತ. ಸೊನ್ನೆ ಅಂದ್ರೆ ನೋಡಿದೀನಿ, ಅಲ್ಲಿಲ್ಲ ಅಂತ."

"ಹುಲ್ಲಿನ ಲೆಕ್ಕ ತಾನೇ, ಅದಕ್ಯಾಕಕ್ಕ ಊರಿಗೆಲ್ಲ ಕೇಳೋ ಹಾಗೆ ಕೂಗ್ತೀಯ?"

"ಹನ್ನೆರಡು ಜನರ ಮನೇಲಿ ಹತ್ತು ಜನ ಸತ್ತಿದಾರೆ. ನೀನು ಉಳಿದಿಬ್ಬರ ತೂಕ ನೋಡಿ ಎಲ್ಲರೂ ಗುಂಡುಕಲ್ಲಿನ ಹಾಗಿದಾರೆ ಅಂತ ಬರೆದಿದೀಯ. ಕೂಗದೆ ಲಾಲಿ ಹಾಡ್ಲಾ?"

ತಮ್ಮ ಗೊಣಗುತ್ತಲೇ ಹತ್ತು ಸೊನ್ನೆಗಳನ್ನೂ ಮತ್ತೆ ತುಂಬಿದ. ಪರದೆ ನೋಡಿದವನ ಮುಖ ಇಳಿಯಿತು. "ಸರಾಸರಿ ಏಳೂ ಇಲ್ವಲ್ಲಕ್ಕ."

ಇಬ್ಬರೂ ಸಾಹೇಬರ ಕೋಣೆಗೆ ಹೋದರು. ಸಾಹೇಬರು ಎಲ್ಲವನ್ನೂ ಸಮಾಧಾನವಾಗಿ ಕೇಳಿಸಿಕೊಂಡರು. ಅದೇ ಅವಳಿಗೆ ಹಿಡಿಸಲಿಲ್ಲ.

"ನಾಳೆ ಪರವಾನಗಿ ಸಭೆ ಇದೆ ಕಣಮ್ಮ. ಈಗ ನಲವತ್ತು ಅಂತಲೇ ಇರಲಿ ಬಿಡಿ, ಮುಂದಿನ ವರ್ಷ ಸರಿ ಮಾಡೋಣ."

"ಮುಂದಿನ ವರ್ಷ ನಾನು ಅಲ್ಲಿ ಕೋಳಿ ಎಣಿಸಬೇಕಾಗುತ್ತೆ ಸಾರ್."

"ತಪ್ಪಾಗಿದೆ ಅಂತ ಬರೆದ್ರೆ ಯಾರ ತಪ್ಪು ಅಂತ ಕೇಳ್ತಾರೆ. ನಿಮ್ಮ ತಮ್ಮನ ಕೆಲಸ ಇನ್ನೂ ಕಾಯಂ ಆಗಿಲ್ಲ ಅಲ್ವಾ?" ಸಾಹೇಬರು ಮೆಲ್ಲಗೆ ನಕ್ಕರು.

ಆ ನಗುವಿಗೆ ಅವಳ ಮೈಯೆಲ್ಲ ಉರಿದುಹೋಯಿತು. ತಮ್ಮನನ್ನು ಇಲ್ಲಿ ಸೇರಿಸಲು ಇದೇ ಕೋಣೆಯಲ್ಲಿ ಕೈಮುಗಿದು ನಿಂತವಳು ಅವಳೇ. ಈಗ ಕೂರಿ ಎನ್ನುವ ಮೊದಲೇ ಕುರ್ಚಿ ಎಳೆದು ಕೂತಳು. ಸಾಹೇಬರ ಮೇಜಿನಿಂದಲೇ ಹಾಳೆ ತೆಗೆದುಕೊಂಡು ಬರೆದಳು, ಬರೆದದ್ದನ್ನು ಗಟ್ಟಿಯಾಗಿ ಓದಿದಳು.

"ಸೊನ್ನೆಗಳನ್ನು ತಿಳಿಯದೆ ಅಳಿಸಿದವನು ನನ್ನ ತಮ್ಮ. ತಿಳಿದ ಮೇಲೂ ಹಾಗೇ ಇರಲಿ ಎಂದವರು ನಮ್ಮ ಅಧಿಕಾರಿಗಳು. ಎಣಿಸಿದವಳು ನಾನು. ನಲವತ್ತಕ್ಕೆ ನನ್ನ ಸಹಿ ಇಲ್ಲ. ಪ್ರತಿ: ಪರವಾನಗಿ ಸಭೆಗೆ."

ಪೆನ್ನನ್ನು ತಮ್ಮನ ಕಡೆ ಚಾಚಿದಳು. "ಹಾಕು ಸಹಿ."

"ಅಕ್ಕಾ, ಮನೇಲಿ ಅವಳಿಗೆ ಎಂಟು ತಿಂಗಳು."

"ಗೊತ್ತು. ಬಾಣಂತನಕ್ಕೆ ಬರೋಳು ನಾನೇ ತಾನೇ. ಹಾಕು."

ತಮ್ಮ ಸಾಹೇಬರನ್ನು ನೋಡಿದ. ಸಾಹೇಬರು ಫೋನೆತ್ತಿ ಕಿವಿಗಿಟ್ಟುಕೊಂಡಿದ್ದರು, ಆದರೆ ಯಾವ ನಂಬರನ್ನೂ ಒತ್ತಿರಲಿಲ್ಲ. ತಮ್ಮ ಬಗ್ಗಿ ಸಹಿ ಹಾಕಿದ. ಒತ್ತಿದ ರಭಸಕ್ಕೆ ಹಾಳೆ ಅಲ್ಲಲ್ಲಿ ತೂತಾಯಿತು.

"ಇನ್ಮೇಲೆ ನನ್ನ ಮನೆ ಬಾಗಿಲಿಗೆ ಬರಬೇಡ," ಎಂದ. ಕೂಗಲಿಲ್ಲ. ಕೂಗಿದ್ದರೆ ಅವಳಿಗೆ ಉತ್ತರ ಕೊಡುವುದು ಸುಲಭವಿತ್ತು.

"ಬರ್ತೀನಿ. ಬೇಕಾದ್ರೆ ಬಾಗಿಲು ತೆಗೀಬೇಡ," ಎಂದು ಹಾಳೆ ಮಡಚಿಕೊಂಡು ಎದ್ದಳು.

ಕೆಳಗಿನ ಮಹಡಿಯಲ್ಲಿ ಜೆರಾಕ್ಸ್ ಮಾಡಿಸಿ ಟಪಾಲು ಕಿಟಕಿಗೆ ಬಂದು ಎರಡೂ ಪ್ರತಿಗಳನ್ನು ಒಳಗೆ ತಳ್ಳಿದಳು. ಗುಮಾಸ್ತ ಮೇಲಿಂದ ಕೆಳಗೆ ಓದಿ ಹುಬ್ಬೇರಿಸಿದ.

"ಏನಕ್ಕ, ಸ್ವಂತ ತಮ್ಮನ ಮೇಲೇ ದೂರಾ?"

"ಓದೋ ಕೆಲಸ ಸಭೆಯವರದು. ನಿಂದು ಸೀಲು ಹಾಕೋದು. ಹಾಕು."

ಎರಡು ಪ್ರತಿಗೂ ತಾರೀಖಿನ ಸಮೇತ ಸೀಲು ಬೀಳುವವರೆಗೆ ಅವಳು ಆ ಕಿಟಕಿ ಬಿಟ್ಟು ಕದಲಲಿಲ್ಲ.