ಮಾವನ ಗುಡ್ಡ

ಮಾವನವರು ಕಂಡುಹಿಡಿದ ಗುಡ್ಡವನ್ನು ಹತ್ತಿ ನೋಡಲು ಯಾರಿಂದಲೂ ಆಗದು, ಏಕೆಂದರೆ ಅದು ಇದ್ದದ್ದು ಕಾಗದದ ಮೇಲೆ. ಧ್ರುವದ ಹಿಮವನ್ನು ಆಳಕ್ಕೆ ಕೊರೆದು ತೆಗೆದ ಮಂಜುಗಡ್ಡೆಯಲ್ಲಿ ಸಾಸಿವೆ ಕಾಳಿನಂಥ ಗುಳ್ಳೆಗಳಿರುತ್ತವೆ. ಆ ಗುಳ್ಳೆಗಳೊಳಗೆ ಹಳೆಯ ಕಾಲದ ಗಾಳಿ ಸೆರೆಯಾಗಿ ಕೂತಿರುತ್ತದೆ, ಆಳ ಹೆಚ್ಚಿದಷ್ಟೂ ಹಳೆಯದು. ಗಡ್ಡೆಯನ್ನು ಪುಡಿ ಮಾಡಿ ಆ ಗಾಳಿಯನ್ನು ಅಳೆದರೆ, ಆಗ ಇಂಗಾಲದ ಡೈಆಕ್ಸೈಡ್ ಎಷ್ಟಿತ್ತು ಎಂಬ ಲೆಕ್ಕ ಸಿಗುತ್ತದೆ. ಇಪ್ಪತ್ತು ಸಾವಿರ ವರ್ಷಗಳ ಹಿಂದೆ ಭೂಮಿ ಹಿಮಯುಗದ ಚಳಿಗೆ ಗಡಗಡ ನಡುಗುತ್ತಿದ್ದಾಗ ಆ ಅನಿಲ ಬಹಳ ಕಡಿಮೆ ಇತ್ತೆಂದು ಲೋಕವೆಲ್ಲ ಅಳೆದು ನೋಡಿ ಒಪ್ಪಿದೆ. ಆ ಲೆಕ್ಕದ ನಕ್ಷೆಯಲ್ಲಿ ಗೆರೆ ಬಯಲಿನ ಹಾಗೆ ಮಟ್ಟಸವಾಗಿ ಸಾಗುತ್ತದೆ. ಮಾವನವರ ಸಂಸ್ಥೆಯ ನಕ್ಷೆಯಲ್ಲಿ ಮಾತ್ರ ಆ ಬಯಲಿನ ನಡುವೆ ಗುಡ್ಡವೊಂದು ಎದ್ದು ನಿಂತಿತ್ತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು ಊರಿಗೊಬ್ಬರು ಸಿಗುತ್ತಾರೆ. ಮೂರು ಕಾಲಿನ ಮೊಲಕ್ಕಾಗಿ ಸನ್ಮಾನದ ಶಾಲು ಹೊದಿಸಿಕೊಂಡು ಬಂದವರು ಇವರೊಬ್ಬರೇ.

ಅವರು ಸಂಸ್ಥೆಯ ನಿರ್ದೇಶಕರು. ನಿಜವಾಗಿ ಮಾವನಾಗಿದ್ದುದು ಅಲ್ಲಿ ಕೆಲಸ ಮಾಡುವ ಒಬ್ಬನಿಗೆ. ಆದರೆ ಬಾಗಿಲು ಕಾಯುವವನಿಂದ ಹಿಡಿದು ಲೆಕ್ಕ ಬರೆಯುವವಳವರೆಗೆ ಬೆನ್ನ ಹಿಂದೆ ಎಲ್ಲರಿಗೂ ಅವರು ಮಾವನೇ, ಅವರ ಗುಡ್ಡ ಮಾವನ ಗುಡ್ಡವೇ, ಅವರ ಅಳಿಯ ಎಲ್ಲರಿಗೂ ಅಳಿಯನೇ. ಮಾವನವರಿಗೆ ಮಾತ್ರ ಕಚೇರಿಯಲ್ಲಿ ನೆಂಟಸ್ತಿಕೆ ಕೂಡದು. “ಇಲ್ಲಿ ನಾನು ಸರ್. ಮಾವ ಆಗೋದೆಲ್ಲ ಮನೆ ಹೊಸಿಲು ದಾಟಿದ ಮೇಲೆ,” ಎಂದು ಮೊದಲ ದಿನವೇ ಹೇಳಿದ್ದರು. ಹೊಸಿಲು ದಾಟಿದ ಮೇಲೂ ಆಗುತ್ತಿರಲಿಲ್ಲ ಎಂಬುದು ಬೇರೆ ಮಾತು. ಮದುವೆಯಾದಾಗಿನಿಂದ ಅಳಿಯನನ್ನು ಅವರು “ಇವರೇ” ಎನ್ನುತ್ತಿದ್ದರು, ದಾರಿ ಕೇಳಲು ಬಂದ ಅಪರಿಚಿತರನ್ನು ಕರೆಯುವ ಹಾಗೆ. ಅಳಿಯನ ಕೆಲಸವೂ ಹಾಗೇ. ಮೊದಲು ‘ತಾತ್ಕಾಲಿಕ’ ಎಂದಿತ್ತು. ನೌಕರರ ಸಂಘದವರು ಗದ್ದಲ ಮಾಡಿದ ಮೇಲೆ ಆ ಪದ ತೆಗೆದು ‘ಒಪ್ಪಂದದ ಮೇರೆಗೆ’ ಎಂದು ಹಾಕಿದರು. ಅಳಿಯ ಅಲ್ಲ, ಮಗಳ ಗಂಡ ಎಂದ ಹಾಗಾಯಿತು.

ಆ ಮಂಜುಗಡ್ಡೆಯನ್ನು ಹಿಮದಾಳದಿಂದ ಎಳೆದು ತಂದವನು ಈ ಅಳಿಯನೇ. ಒಂದು ಇಡೀ ಬೇಸಿಗೆ ಧ್ರುವದ ಡೇರೆಯಲ್ಲಿ ಮಲಗಿ, ಕೊರೆಯುವ ಕೊಳವೆಯಿಂದ ಒಂದೊಂದೇ ಮಂಜಿನ ಉರುಳೆಯನ್ನು ಕೂಸಿನ ಹಾಗೆ ತೋಳಿಗೆ ತೆಗೆದುಕೊಂಡಿದ್ದ. ಆ ವರ್ಷ ಅವನ ಮೂಗಿನ ತುದಿಯ ಚರ್ಮ ಸುಲಿದು ಬಿದ್ದು ಹೊಸದು ಬಂತು. ಮಾವನವರು ವಿಮಾನದಲ್ಲಿ ಬಂದು ಊಟದ ಹೊತ್ತಿಗೆ ಇಳಿದು, ಕೆಂಪು ಕೋಟು ತೊಟ್ಟು ಫೋಟೋ ತೆಗೆಸಿಕೊಂಡು, ಕಾಫಿ ಹೊತ್ತಿಗೆ ಹೊರಟರು. ಆ ಫೋಟೋ ಈಗ ಸಂಸ್ಥೆಯ ಬಾಗಿಲಲ್ಲಿ ಆಳೆತ್ತರಕ್ಕೆ ನಿಂತಿದೆ. ಕೆಂಪು ಕೋಟು ಗಣ್ಯರು ಬಂದಾಗಲೆಲ್ಲ ಕಪಾಟಿನಿಂದ ಹೊರಗೆ ಬರುತ್ತದೆ.

ಗುಡ್ಡ ಹುಟ್ಟಿದ್ದು ಹೊಸ ಯಂತ್ರದ ಉದ್ಘಾಟನೆಯ ದಿನ. ಯಂತ್ರವೆಂದರೆ ಉಕ್ಕಿನದೊಂದು ದಪ್ಪ ಪಾತ್ರೆ. ಗಡ್ಡೆಯ ಚೂರನ್ನು ಅದರೊಳಗಿಟ್ಟು, ಕುಕ್ಕರಿಗೆ ಇರುವಂಥ ರಬ್ಬರ್ ಗ್ಯಾಸ್ಕೆಟ್ ಕೂರಿಸಿ ಮುಚ್ಚಳ ಬಿಗಿದು, ಒಳಗಿನ ಗಾಳಿಯನ್ನೆಲ್ಲ ಪಂಪಿನಿಂದ ಎಳೆದುಬಿಡುತ್ತಾರೆ. ಆಮೇಲೆ ಒಳಗಿನ ಮೊಳೆಗಳು ಗಡ್ಡೆಯನ್ನು ಪುಡಿ ಮಾಡುತ್ತವೆ, ಗುಳ್ಳೆಗಳು ಒಡೆಯುತ್ತವೆ, ಹಳೆಯ ಗಾಳಿ ನಳಿಕೆಯಲ್ಲಿ ಹರಿದು ಅಳತೆಯಾಗುತ್ತದೆ. ಕಿಟಕಿಯಿಲ್ಲದ ಆ ಚಿಕ್ಕ ಕೋಣೆಯಲ್ಲಿ ಅಂದು ಗಣ್ಯರು, ಗಣ್ಯರ ಹಿಂಬಾಲಕರು, ಹಿಂಬಾಲಕರ ಫೋಟೋ ತೆಗೆಯುವವರು ಭುಜಕ್ಕೆ ಭುಜ ಒತ್ತಿ ನಿಂತಿದ್ದರು. ಮಾವನವರ ಭಾಷಣ ಮುಗಿಯುವುದಕ್ಕೂ ಅಂಕಿ ಬರುವುದಕ್ಕೂ ಸರಿಹೋಯಿತು. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ನೂರ ತೊಂಬತ್ತರ ಸುತ್ತ ಇರಬೇಕಾದದ್ದು ಇನ್ನೂರ ಹದಿನೈದು!

ಬೇರೆ ದೇಶದವರು ಮತ್ತೆ ಅಳೆದು ನೋಡಿ ಎಂದರು. ಮಾವನವರು ಧಾರಾಳವಾಗಿ ಅಳೆದರು, ಪತ್ರಿಕೆಯವರನ್ನೆಲ್ಲ ಕರೆದು ಅವರ ಕಣ್ಣೆದುರೇ. ಗುಡ್ಡ ಬಂತು. ಇನ್ನೊಮ್ಮೆ ಎಂದರು. ಈ ಸಲ ದಾನಿಗಳನ್ನು ಸಕುಟುಂಬ ಕರೆಸಿದರು. ಗುಡ್ಡ ಇನ್ನೂ ಎತ್ತರಕ್ಕೆ ಬಂತು. ನಡುವೆ ಒಮ್ಮೆ ಅಳಿಯ ಒಬ್ಬನೇ ಕೂತು ಅಳೆದಾಗ ಗುಡ್ಡವೂ ಇಲ್ಲ, ದಿಣ್ಣೆಯೂ ಇಲ್ಲ. ಮಾವನವರು ನಕ್ಕುಬಿಟ್ಟರು. “ಅದಕ್ಕೆಲ್ಲ ಕೈಗುಣ ಬೇಕು ಇವರೇ,” ಎಂದರು.

ಸಂಕಟ ಏನೆಂದರೆ, ಒಂದು ಸಲ ಅಳೆದ ಗಡ್ಡೆ ನೀರಾಗಿ ಹೋಗುತ್ತದೆ. ಪ್ರತಿ ತಮಾಷೆಗೂ ಒಂದು ತುಂಡು ಬಲಿ. ಗುಡ್ಡ ಕಂಡ ಆಳದ ಮಂಜುಗಡ್ಡೆಯಲ್ಲಿ ಈಗ ಮೊಳದುದ್ದದ ಒಂದೇ ತುಂಡು ಉಳಿದಿತ್ತು. ಅದೂ ಹೋದರೆ ಆ ಕಾಲದ ಗಾಳಿ ಏನಿತ್ತೆಂದು ಮಾವನ ಬಾಯಿಂದಲ್ಲದೆ ಬೇರೆಲ್ಲೂ ಕೇಳುವಂತಿಲ್ಲ. ಶೀತಲ ಕೋಣೆಗೆ ಹೋದಾಗಲೆಲ್ಲ ಅಳಿಯ ಆ ತುಂಡಿನ ಚೀಲವನ್ನು ಒಮ್ಮೆ ಮುಟ್ಟಿ ಬರುತ್ತಿದ್ದ. ಅದರ ಮೇಲೆ ಅವನಿಗೆ ಮಮತೆ ಇತ್ತು. ಹೇಳಿಕೊಂಡರೆ ನಗುತ್ತಾರೆಂದು ಹೇಳಿಕೊಳ್ಳುತ್ತಿರಲಿಲ್ಲ.

ರಜಾ ದಿನವೊಂದರ ಬೆಳಿಗ್ಗೆ ಅವನು ಯಾರೂ ಇಲ್ಲದ ಕೋಣೆಯಲ್ಲಿ, ಗುಡ್ಡದ ಸುಳಿವೂ ಇಲ್ಲದ ಬೇರೊಂದು ಆಳದ ಚೂರನ್ನು ಪಾತ್ರೆಗೆ ಹಾಕಿ ಕೂತ. ಅಂಕಿ ನೂರ ತೊಂಬತ್ತರಲ್ಲಿ ತಣ್ಣಗೆ ಮಲಗಿತ್ತು. ಬೇಸರಕ್ಕೋ ಸಿಟ್ಟಿಗೋ, ಮುಚ್ಚಳದ ಹತ್ತಿರ ಬಾಯಿಟ್ಟು ಮಾವನವರ ಗಂಟಲಲ್ಲೇ ಶುರುಮಾಡಿದ. “ಮಾನ್ಯರೇ, ಮಹನೀಯರೇ, ಈ ನಿಮ್ಮ ವಿನಮ್ರ ಸೇವಕ...” ಅಂಕಿ ಎದ್ದು ಕೂತಿತು. ‘ನಾನೊಬ್ಬ ನಿಮಿತ್ತ ಮಾತ್ರ’ ಎಂಬಲ್ಲಿಗೆ ಬರುವಾಗ ಇನ್ನೂರು ದಾಟಿತ್ತು! ಅವನು ಎದ್ದು ಮುಚ್ಚಳ ಬಿಚ್ಚಿ ಗ್ಯಾಸ್ಕೆಟ್ಟನ್ನು ಬೆಳಕಿಗೆ ಹಿಡಿದ. ಚಳಿಗೆ ಗಟ್ಟಿಯಾಗಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಅಲ್ಲಿಂದ ಕೋಣೆಯ ಗಾಳಿ ಒಳಗೆ ನುಸುಳುತ್ತಿತ್ತು. ಒಬ್ಬನೇ ಇದ್ದಾಗ ನುಸುಳಿದ್ದು ಲೆಕ್ಕಕ್ಕೆ ಬರುತ್ತಿರಲಿಲ್ಲ. ಕೋಣೆ ತುಂಬ ಜನ ನಿಂತು ಉಸಿರು ಬಿಟ್ಟಾಗ ಗುಡ್ಡವಾಗುತ್ತಿತ್ತು. ಲೋಕಕ್ಕೆ ಲೋಕವೇ ತಲೆ ಕೆಡಿಸಿಕೊಂಡ ಆ ಪುರಾತನ ಘಟನೆ ಮಾವನವರ ಭಾಷಣ.

ಮಧ್ಯಾಹ್ನ ಮಾವನ ಮನೆಯಲ್ಲಿ ಊಟ. ಅಳಿಯ ಅನ್ನ ಕಲಸುತ್ತಾ ವಿಷಯ ತೆಗೆದ.

“ಮಾವ, ಆ ಗ್ಯಾಸ್ಕೆಟ್ ಬಿರುಕು ಬಿಟ್ಟಿದೆ. ಕೋಣೆ ಗಾಳಿ ಒಳಗೆ ಹೋಗ್ತಿದೆ. ಬದಲಾಯಿಸಿ ಇನ್ನೊಂದ್ಸಲ—”

“ಮುಟ್ಟಬೇಡಿ,” ಎಂದರು ಮಾವನವರು. “ವಾರದೊಳಗೆ ಪರಿಶೀಲನಾ ಸಮಿತಿ ಬರ್ತಿದೆ. ಕೊನೇ ತುಂಡನ್ನ ಅವರ ಮುಂದೇ ಹಾಕ್ತೀನಿ. ಅಲ್ಲೀವರೆಗೆ ಒಂದು ಸ್ಕ್ರೂ ಕೂಡ ಅಲುಗಾಡಬಾರದು. ನಡೀತಿರೋ ಯಂತ್ರಕ್ಕೆ ಯಾರಾದ್ರೂ ಕೈ ಹಾಕ್ತಾರೇನ್ರೀ ಇವರೇ?”

“ಅದು ನಡೀತಿಲ್ಲ ಅಂತಾನೇ ಹೇಳ್ತಿರೋದು ಮಾವ.”

“ಊಟ ಮಾಡಿ, ಊಟ ಮಾಡಿ. ಆರಿಹೋಗತ್ತೆ.”

ಮನೆಗೆ ನಡೆದು ಬರುವಾಗ ಹೆಂಡತಿಗೆ ಎಲ್ಲವನ್ನೂ ಹೇಳಿದ. ಅವಳು ಬೀದಿಯಲ್ಲೇ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅಪ್ಪ ಇರೋ ಕೋಣೇಲಿ ಬೇರೆಯವರಿಗೆ ಗಾಳಿ ಉಳಿಯೋದೇ ಇಲ್ಲ ಅಂತ ಅಮ್ಮ ಯಾವಾಗಿನಿಂದ್ಲೂ ಹೇಳ್ತಾಳೆ,” ಎಂದಳು. ಆಮೇಲೆ ನಗು ನಿಲ್ಲಿಸಿ, “ಈಗೇನು ಮಾಡ್ತೀರಿ?” ಎಂದು ಕೇಳಿದಳು.

ಅವನು ಯೋಚನೆ ಮಾಡಿಟ್ಟಿದ್ದ. ಸಮಿತಿಯ ಮುಂದೆ ಕೊನೆಯ ತುಂಡಿನ ಬದಲು ಬೇರೆ ಆಳದ್ದನ್ನು ಹಾಕುವುದು. ಗುಡ್ಡ ಹೇಗೂ ಬರುತ್ತದೆ. ಬಂದ ಮೇಲೆ ಸತ್ಯ ಬಿಚ್ಚಿಡುವುದು. ಮಾವನ ಉಬ್ಬೂ ಇಳಿಯುತ್ತದೆ, ಮಂಜುಗಡ್ಡೆಯೂ ಉಳಿಯುತ್ತದೆ.

“ನಿಮ್ಮ ಕೆಲಸ ಹೋಗತ್ತಲ್ಲ,” ಎಂದಳು ಹೆಂಡತಿ.

“ಹೋದ್ರೆ ಹೋಗ್ಲಿ. ಆ ತುಂಡು ಮಾತ್ರ ಹೋಗಬಾರದು.”

ಅವಳು ಅವನ ಕೈ ಹಿಡಿದುಕೊಂಡಳು. “ಹಾಗಾದ್ರೆ ಉದ್ದ ಮಾತಾಡಕ್ಕೆ ಹೋಗಬೇಡಿ, ಅಪ್ಪ ನಡುವೆ ಬಾಯಿ ಹಾಕ್ತಾರೆ. ಎರಡೇ ಮಾತು. ಈ ತುಂಡು ಅದಲ್ಲ. ಈ ಅಂಕಿ ನಮ್ಮ ಉಸಿರು. ಮುಗೀತು.” ಆ ಸಂಜೆ ಇಬ್ಬರೂ ಮದುವೆಯ ಹೊಸತರಲ್ಲಿದ್ದಷ್ಟು ಖುಷಿಯಾಗಿದ್ದರು.

ಸಮಿತಿ ಬಂದ ದಿನ ಮಾವನವರು ಕೋಣೆಯನ್ನು ಹಿಂದೆಂದೂ ತುಂಬದ ಹಾಗೆ ತುಂಬಿಸಿದರು. ಕೆಂಪು ಕೋಟಿನಲ್ಲಿ ಬೆವರುತ್ತಾ ಬಾಗಿಲಲ್ಲಿ ನಿಂತು, “ಇನ್ನೂ ಸ್ವಲ್ಪ ಒಳಗೆ, ಇನ್ನೂ ಸ್ವಲ್ಪ,” ಎಂದು ಜನರನ್ನು ಬಸ್ಸಿಗೆ ಹತ್ತಿಸುವವನ ಹಾಗೆ ತುಂಬುತ್ತಿದ್ದರು. ಮಗಳನ್ನೂ ಹೆಂಡತಿಯನ್ನೂ ಕರೆಸಿದ್ದರು. ಸಮಿತಿಯ ಅಧ್ಯಕ್ಷೆ ಹಿರಿಯ ಹೆಂಗಸು, ಕಡ್ಡಿಯಂಥ ಮೈ, ಮೊಳೆಯಂಥ ಕಣ್ಣು. ಉಳಿದ ಸದಸ್ಯರು ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ.

ಅಳಿಯ ತುಂಡನ್ನು ಪಾತ್ರೆಗಿಟ್ಟು ಮುಚ್ಚಳ ಬಿಗಿದ. ಪಂಪು ಗುರ್ರೆಂದಿತು. ಮಾವನವರು ಮಾನ್ಯರಿಂದ ಶುರುಮಾಡಿ ಮಹನೀಯರನ್ನು ಹಾದು, ತಾವು ಧ್ರುವದಲ್ಲಿ ಪಟ್ಟ ಪಾಡನ್ನು ಬಣ್ಣಿಸಿದರು. ಜನ ಕರವಸ್ತ್ರದಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ಅಂಕಿ ಮೇಲೇರುತ್ತಾ ಹೋಗಿ ಇನ್ನೂರ ಇಪ್ಪತ್ತೆಂಟಕ್ಕೆ ನಿಂತಿತು. ಚಪ್ಪಾಳೆ ಬಿತ್ತು.

ಅಳಿಯ ಹೆಂಡತಿಯ ಕಡೆ ನೋಡಿದ. ಅವಳು ಹೂಂ ಎಂದು ತಲೆಯಾಡಿಸಿದಳು.

“ಈ ತುಂಡು ಅದಲ್ಲ,” ಎಂದ ಅವನು, ಎಲ್ಲರಿಗೂ ಕೇಳುವ ಹಾಗೆ. “ಇದು ಬೇರೆ ಆಳದ್ದು. ಇಲ್ಲಿ ಗುಡ್ಡ ಇಲ್ಲ ಅಂತ ನಾವೇ ಪ್ರಕಟ ಮಾಡಿದೀವಿ. ಕೊನೇ ತುಂಡು ಶೀತಲ ಕೋಣೇಲೇ ಇದೆ. ಬೇಕಿದ್ರೆ ಚೀಲದ ಮೇಲಿನ ಗುರುತು ನೋಡಿ.”

ಮಾವನವರ ಮುಖ ಒಮ್ಮೆ ಕೋಟಿನ ಬಣ್ಣಕ್ಕೆ, ಒಮ್ಮೆ ಮಂಜಿನ ಬಣ್ಣಕ್ಕೆ ತಿರುಗಿತು. ಅಳಿಯ ಎರಡನೆಯ ಮಾತಿಗೆ ಉಸಿರು ಎಳೆದುಕೊಂಡ. ಅಷ್ಟರಲ್ಲಿ ಮಾವನವರು ಎರಡೂ ತೋಳು ಚಾಚಿ ಬಂದು ಅವನನ್ನು ತಬ್ಬಿಬಿಟ್ಟರು.

“ಕೇಳಿದ್ರಾ?” ಎಂದು ಗುಡುಗಿದರು. “ಎರಡನೇ ಗುಡ್ಡ! ನಾನು ಒಂದೇ ಅಂದ್ಕೊಂಡಿದ್ದೆ. ಇವನು ಬಾಯಿ ಬಿಡದೆ ಇನ್ನೊಂದನ್ನ ಹುಡುಕಿದಾನೆ! ಎಲ್ಲರಿಗೂ ಹೇಳ್ತೀನಿ, ಇವನು ನನ್ನ ಅಳಿಯ. ಅಳಿಯ ಏನು, ಮಗ! ನನ್ನ ಮಗ! ಇದಕ್ಕೆ ಇವನದೇ ಹೆಸರು!”

ಚಪ್ಪಾಳೆ ಮತ್ತೆ ಬಿತ್ತು, ಮೊದಲಿಗಿಂತ ಜೋರಾಗಿ. ಕೆಂಪು ಕೋಟಿನೊಳಗೆ ಸಿಕ್ಕಿಬಿದ್ದ ಅಳಿಯನ ಕಿವಿಯಲ್ಲಿ ‘ಮಗ’ ಎಂಬ ಆ ಒಂದು ಪದ ಗುಂಯ್ಗುಡುತ್ತಿತ್ತು. ಇಷ್ಟು ವರ್ಷ ಅದಕ್ಕಾಗಿ ಕಾದಿದ್ದೆ ಎಂದು ಅವನಿಗೇ ಗೊತ್ತಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಜನ ಅದನ್ನು ವಿನಯ ಎಂದುಕೊಂಡರು.

ಅಧ್ಯಕ್ಷೆ ಮಾತ್ರ ಚಪ್ಪಾಳೆ ತಟ್ಟಿರಲಿಲ್ಲ. ಮೊಳೆಗಣ್ಣು ಅವನ ಮೇಲೆ ನೆಟ್ಟು ಕೇಳಿದರು. “ನಿರ್ದೇಶಕರು ಹೇಳಿದ್ದಾಯ್ತು. ಅಳೆದವರು ನೀವು. ನೀವೇನು ಹೇಳ್ತೀರಿ? ಇದು ಗುಡ್ಡನಾ?”

ಮಾವನವರ ಕೈ ಅವನ ಹೆಗಲ ಮೇಲಿತ್ತು, ಬೆಚ್ಚಗಿತ್ತು. ಸದಸ್ಯರೊಬ್ಬರು ಆಗಲೇ ಪಕ್ಕದವರಿಗೆ, “ಇಂಥವರನ್ನ ಒಪ್ಪಂದದ ಮೇಲೆ ಇಟ್ಕೊಂಡಿದಾರಾ? ಮೊದಲು ಕಾಯಂ ಮಾಡಿಸೋಣ,” ಎನ್ನುತ್ತಿದ್ದರು. ಎರಡನೆಯ ಮಾತು ಬಿಸಿತುಪ್ಪದ ಹಾಗೆ ಗಂಟಲಲ್ಲಿ ನಿಂತಿತು. ಉಗುಳಲಾರ, ನುಂಗಲಾರ.

ನುಂಗಿದ. “ಇನ್ನೂ ಅಧ್ಯಯನ ಆಗಬೇಕು,” ಎಂದ.

ಅಧ್ಯಕ್ಷೆ ಒಂದು ಗಳಿಗೆ ಅವನನ್ನೇ ನೋಡಿ, ಪೆನ್ನಿನ ಟೋಪಿ ಮುಚ್ಚಿ ಕೈಚೀಲಕ್ಕೆ ಹಾಕಿಕೊಂಡರು.

ಆಮೇಲೆ ಎಲ್ಲರೂ ದೊಡ್ಡ ಕೋಣೆಗೆ ಹೋದರು. ಅಲ್ಲಿ ಗಾಜಿನ ಲೋಟಗಳಲ್ಲಿ ಶರಬತ್ತು ಕಾಯುತ್ತಿತ್ತು. ಮಾವನವರಿಗೆ ಹುಮ್ಮಸ್ಸು ಏರಿತ್ತು. “ಎರಡೆರಡು ಗುಡ್ಡ ಇರೋವಾಗ ಆ ಕೊನೇ ತುಂಡನ್ನ ಇನ್ನು ಯಾಕೆ ಕೂಡಿಡಬೇಕು? ಸಮಿತಿಯವರು ಇಪ್ಪತ್ತು ಸಾವಿರ ವರ್ಷದ ಮಂಜು ಹಾಕಿ ಶರಬತ್ತು ಕುಡೀಲಿ. ಜನ್ಮದಲ್ಲಿ ಇನ್ನೊಂದ್ಸಲ ಸಿಗತ್ತಾ? ಮಗಾ, ತಗೊಂಬಾ.”

ಮಗ ತಂದ. ಶೀತಲ ಕೋಣೆಯಲ್ಲಿ ಚೀಲವನ್ನು ಕೈಗೆತ್ತಿಕೊಂಡಾಗ, ಆ ಚಳಿಯಲ್ಲಿ ಬೆರಳು ಮರಗಟ್ಟುವವರೆಗೂ ನಿಂತಿದ್ದ. ಇದೊಂದು ಇರುವವರೆಗೆ ಇವತ್ತಲ್ಲ ನಾಳೆ ಯಾರಾದರೂ ಸರಿಯಾಗಿ ಅಳೆದು ಎರಡೂ ಗುಡ್ಡಗಳನ್ನು ಕೆಡವಬಹುದು ಎಂದು ಯೋಚಿಸಿದ. ಕರಗಿಹೋದರೆ ಯಾರೂ ಕೇಳುವಂತಿಲ್ಲ. ಆಗ ಅವನಿಗೆ ಆದದ್ದು ನೆಮ್ಮದಿ, ಅಪ್ಪಟ ನೆಮ್ಮದಿ. ಅದರ ಹಿಂದೆಯೇ ನಾಚಿಕೆಯೂ ಬಂತು, ಆದರೆ ಅದು ಬರುವಷ್ಟರಲ್ಲಿ ಅವನು ಬಾಗಿಲ ತನಕ ನಡೆದಾಗಿತ್ತು.

ಲೋಟಗಳಲ್ಲಿ ಮಂಜು ಚಟಪಟ ಸದ್ದು ಮಾಡುತ್ತಾ ಗುಳ್ಳೆ ಬಿಟ್ಟಿತು. ಎಂಥ ಕಾಲದ ಗಾಳಿ ನೋಡಿ ಎಂದು ಜನ ಲೋಟವನ್ನು ಕಿವಿಗೆ ಹಿಡಿದು ನಕ್ಕರು. ಅಧ್ಯಕ್ಷೆ ನೀರು ಸಾಕೆಂದರು. ಅಳಿಯ ಒಂದು ದೊಡ್ಡ ಚೂರನ್ನೇ ಬಾಯಿಗೆ ಹಾಕಿಕೊಂಡ.

ಹೆಂಡತಿ ಜನರ ನಡುವೆ ದಾರಿ ಮಾಡಿಕೊಂಡು ಅವನ ಹತ್ತಿರ ಬಂದಳು. ಅವಳ ಕೈಯಲ್ಲಿ ಲೋಟ ಇರಲಿಲ್ಲ.

“ರೀ, ಇನ್ನೊಂದು ಮಾತು ಇತ್ತಲ್ಲ?” ಎಂದು ಮೆಲ್ಲಗೆ ಕೇಳಿದಳು.

ಬಾಯಲ್ಲಿ ಮಂಜು ಇದೆ, ಕರಗಲಿ ಎಂದು ಅವನು ಕೈಸನ್ನೆ ಮಾಡಿದ. ಅವಳು ಅಲ್ಲೇ ನಿಂತು ಕಾದಳು. ಮಂಜು ಕರಗಿತು. ಅವನು ಬಾಯಿ ತೆರೆಯಲಿಲ್ಲ.