ಸೋರದ ಕಟ್ಟ

ಮರ್ಕಂಜದ ನಮ್ಮ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಪ್ರತಿವರ್ಷ ಅಡ್ಡಲಾಗಿ ಕಲ್ಲು ಮಣ್ಣಿನ ಕಟ್ಟ ಕಟ್ಟುವುದು ನನ್ನ ಗಂಡ ಮೇದಪ್ಪನೇ. ನಿಂತ ನೀರು ಮೇಲಿನ ತೋಟಕ್ಕೆ; ಆದರೆ ಕಟ್ಟ ಸೋರುತ್ತಿತ್ತು. ಸೋರಿದ ನೀರಲ್ಲೇ ಕೆಳಗಿನ ನಮ್ಮ ತೋಟ ಬದುಕುತ್ತಿತ್ತು.

ಈ ಸಲ ಮೇಲಿನ ತೋಟದ ಜಯಪ್ರಕಾಶ ದಪ್ಪ ಪ್ಲಾಸ್ಟಿಕ್ ತಂದ. "ಒಂದು ತೊಟ್ಟೂ ಸೋರದ ಹಾಗೆ ಕಟ್ಟುದು ನಿಮ್ಮಿಂದ ಮಾತ್ರ ಆಗುದು," ಎಂದ. ಹೊಗಳಿಕೆಗೆ ಉಬ್ಬಿದ ನನ್ನ ಗಂಡ ಮೂರು ದಿನ ಸೊಂಟಮಟ್ಟ ನೀರಲ್ಲಿ ನಿಂತು ಸಂದುಸಂದಿಗೂ ಜೇಡಿಮಣ್ಣು ಮೆತ್ತಿದ. ಪೆದ್ದ.

ಮಾರ್ಚಿಗೆ ನಮ್ಮ ಪಂಪು ಬರೀ ಗಾಳಿ ಎಳೆಯಿತು. ಅಡಿಕೆಯ ಹೂಗೊಂಚಲು, ಸಿಂಗಾರ, ಒಣಗಿ ಉದುರಿತು. ಸ್ವಲ್ಪ ನೀರು ಬಿಡಿ ಎಂದು ಇಬ್ಬರೂ ಹೋಗಿ ಕೇಳಿದೆವು. ಜಯಪ್ರಕಾಶನ ಸ್ಪ್ರಿಂಕ್ಲರ್ ತಿರುಗುತ್ತಲೇ ಇತ್ತು.

"ಕಟ್ಟ ಭಾರೀ ಲಾಯ್ಕುಂಟು ಮೇದಪ್ಪಣ್ಣ," ಎಂದ. "ಬರುವ ವರ್ಷ ಬೇಗ ಬನ್ನಿ. ನಿಮಗೆ ಇನ್ನು ತೋಟದ ಕೆಲಸ ಎಂತದೂ ಇರುದಿಲ್ಲ ಅಲ್ವಾ?"